ಛಾಯಾಚಿತ್ರದಲ್ಲಿ ಕಾಯಕ: ತೀರ್ಪುಗಾರನೊಬ್ಬನ ಪುನರ್ವಿಮರ್ಶೆ

ಕಾವ್ಯದ ಗುಣದೋಷಗಳನ್ನು ಅಳೆಯುವುದಕ್ಕೆ ನಮ್ಮ ಪ್ರಾಚೀನ ಮೀಮಾಂಸಕರು ರಸ, ಧ್ವನಿ, ಔಚಿತ್ಯಗಳೆಂಬ ಅಳತೆಗೋಲುಗಳನ್ನು ಒದಗಿಸಿಕೊಟ್ಟಿದ್ದಾರೆ. 1839ರಲ್ಲಿ ಪ್ಯಾರಿಸ್ ನಗರದಲ್ಲಿ ಲೋಕಕ್ಕೆ ಪ್ರಕಟವಾದ ಛಾಯಾಚಿತ್ರಕಲೆಗಾದರೋ ಇನ್ನೂ ಎರಡು ಶತಮಾನಗಳು ತುಂಬಿಲ್ಲ. ಅಷ್ಟರಲ್ಲಿಯೇ ಅದು ಮೊಬೈಲ್ ಫೋನಿನ ರೂಪದಲ್ಲಿ ಹಳ್ಳಿಹಳ್ಳಿಯ ತರುಣರ ಕೈಸೇರಿದೆ. ಆ ತರುಣರು ತಮ್ಮ ಊರಿನ ಕಮ್ಮಾರನನ್ನೋ ನೇಕಾರನನ್ನೋ ಚಿತ್ರಿಸಿ ತಂದು ನಮ್ಮ ಮುಂದಿರಿಸಿದರೆ ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಈ ಪ್ರಶ್ನೆಗೆ ಉತ್ತರವು ನಮ್ಮ ವಚನವಾಙ್ಮಯದಲ್ಲಿಯೇ ಇದೆಯೆಂದು ತೋರಿಸುವುದು ಈ ಬರೆಹದ ಉದ್ದೇಶ. ಆ ಉತ್ತರವನ್ನು ಸಕಾಲದಲ್ಲಿ ನೆನೆಯದೆ ನಾನೇ ತಪ್ಪು ತೀರ್ಪಿತ್ತೆನೆಂದು ಒಪ್ಪಿಕೊಳ್ಳುವುದೂ ಅದರ ಒಂದು ಭಾಗ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹವ್ಯಾಸಿಗಳಿಗಾಗಿ ಏರ್ಪಟ್ಟಿದ್ದ ಛಾಯಾಚಿತ್ರ ಸ್ಪರ್ಧೆಯೊಂದರಲ್ಲಿ ಮೂವರು ತೀರ್ಪುಗಾರರ ಪೈಕಿ ನಾನೂ ಒಬ್ಬನಾಗಿದ್ದೆ. ವಿಷಯ 'ನಮ್ಮೂರ ಕುಶಲಕರ್ಮಿಗಳು'. ಸಂಘಟಕರು ನನ್ನನ್ನು ಕರೆದದ್ದು ವಚನಗಳ ಪರಿಚಯವುಳ್ಳವನೆಂದೇ ಹೊರತು ಕ್ಯಾಮೆರಾ ಬಲ್ಲವನೆಂದಲ್ಲ. ದಾವಣಗೆರೆ ಜಿಲ್ಲೆ 1997ರಲ್ಲಿ ರಚಿತವಾದಾಗ ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚೆಗೆ. ಚನ್ನಗಿರಿಯದು ಅಡಿಕೆತೋಟದ ತಂಪು, ಹೊನ್ನಾಳಿಯದು ತುಂಗಭದ್ರೆಯ ದಡ, ಜಗಳೂರಿನದು ಮಳೆಗೆ ಮುಖವೆತ್ತಿ ನಿಂತ ಕುರಿಗಾಹಿಗಳ ಬಯಲು. ನೆಲ ಬೇರೆಯಾದಂತೆ ಕಸುಬೂ ಬೇರೆ. ಆದ್ದರಿಂದ ಬಂದ ಚಿತ್ರಗಳಲ್ಲಿ ವೈವಿಧ್ಯಕ್ಕೆ ಕೊರತೆಯಿರಲಿಲ್ಲ.

ಹೊನ್ನಾಳಿಯಿಂದ ಬಂದವುಗಳಲ್ಲಿ ಹರಿಗೋಲಿನ ಚಿತ್ರಗಳೇ ಹೆಚ್ಚು. ಎಲ್ಲದರಲ್ಲಿಯೂ ಒಂದೇ ಸಂಯೋಜನೆ: ಮುಳುಗುವ ಸೂರ್ಯ, ಕೆಂಪು ನೀರು, ನಡುವೆ ಕಪ್ಪುನೆರಳಾಗಿ ನಿಂತ ಅಂಬಿಗ. ನೋಟಕ್ಕೆ ಸೊಗಸು, ಸಂದೇಹವಿಲ್ಲ. ಆದರೆ ದುಂಡಗಿನ ಹರಿಗೋಲು ಇತರ ದೋಣಿಗಳಂತಲ್ಲ. ಹುಟ್ಟನ್ನು ಒಂದೇ ಬದಿಗೆ ಹಾಕುತ್ತ ಹೋದರೆ ಅದು ನಿಂತಲ್ಲಿಯೇ ಸುತ್ತುತ್ತದೆ. ಅದನ್ನು ನೇರವಾಗಿ ಸಾಗಿಸುವುದರಲ್ಲಿಯೇ ಅಂಬಿಗನ ವಿದ್ಯೆಯೆಲ್ಲ ಅಡಗಿದೆ. ಆ ವಿದ್ಯೆ ಇರುವುದು ಅವನ ಮಣಿಕಟ್ಟಿನಲ್ಲಿ, ಹುಟ್ಟಿನ ಓರೆಯಲ್ಲಿ, ಸೆಳವನ್ನು ಓದುವ ಕಣ್ಣಿನಲ್ಲಿ. ಕಪ್ಪುನೆರಳಿನ ಚಿತ್ರದಲ್ಲಿ ಈ ಮೂರೂ ಅಳಿಸಿಹೋಗಿವೆ. ಅಲ್ಲಿ ಉಳಿದಿರುವುದು ಸಂಜೆಯೊಂದೇ. ಅಂಬಿಗನ ಜಾಗದಲ್ಲಿ ಒಂದು ಮರದ ಕೊರಡನ್ನು ನಿಲ್ಲಿಸಿದ್ದರೂ ಚಿತ್ರಕ್ಕೆ ನಷ್ಟವಾಗುತ್ತಿರಲಿಲ್ಲ. ಲೋಕದ ಡಾಂಭಿಕತೆಯನ್ನು ನಿಷ್ಠುರವಾಗಿ ಖಂಡಿಸಿದ ಅಂಬಿಗರ ಚೌಡಯ್ಯನ ವಂಶದವರನ್ನು ಹೀಗೆ ಮಾತಿಲ್ಲದ ನೆರಳಾಗಿಸುವುದು ಸೌಂದರ್ಯದ ಹೆಸರಿನಲ್ಲಿ ನಡೆಯುವ ಅನ್ಯಾಯವೆಂದೇ ಹೇಳಬೇಕು.

ನ್ಯಾಮತಿಯ ಕಡೆಯಿಂದ ಕುಲುಮೆಯ ಎರಡು ಚಿತ್ರಗಳು ಬಂದಿದ್ದವು. ಮೊದಲನೆಯದರಲ್ಲಿ ಛಾಯಾಗ್ರಾಹಕನು ಫ್ಲ್ಯಾಶ್ ಬೆಳಕನ್ನು ಬಳಸಿದ್ದಾನೆ. ತಿದಿ, ಇಕ್ಕಳ, ಅಡಿಗಲ್ಲು, ಗೋಡೆಗೆ ಒರಗಿಸಿದ ಕುಡುಗೋಲುಗಳು, ಎಲ್ಲವೂ ಸ್ಪಷ್ಟ. ಎರಡನೆಯದರಲ್ಲಿ ಮುಕ್ಕಾಲು ಪಾಲು ಕತ್ತಲೆ. ಕೆಂಡದಿಂದ ಹೊರತೆಗೆದ ಕಬ್ಬಿಣದ ಬಣ್ಣ, ಆ ಬೆಳಕಿನಲ್ಲಿ ಅರ್ಧ ಕಾಣುವ ಕಮ್ಮಾರನ ಮುಖ, ಇಷ್ಟೇ. ನನ್ನ ಸಹತೀರ್ಪುಗಾರರೊಬ್ಬರು ಎರಡನೆಯದನ್ನು 'ಬೆಳಕು ಸಾಲದು' ಎಂದು ಬದಿಗಿಟ್ಟರು. ಆದರೆ ಕುಲುಮೆ ಕತ್ತಲಾಗಿರುವುದು ಬಡತನದಿಂದಲ್ಲ. ಕಾದ ಕಬ್ಬಿಣ ಎಷ್ಟು ಹದಕ್ಕೆ ಬಂದಿದೆಯೆಂಬುದನ್ನು ಕಮ್ಮಾರನು ಅದರ ಬಣ್ಣದಿಂದ ತಿಳಿಯುತ್ತಾನೆ. ಮಂದವಾದ ಕೆಂಪು, ಹೊಳೆವ ಕೆಂಪು, ಕಿತ್ತಳೆ, ಹಳದಿ ಎಂಬ ಈ ಭೇದಗಳು ಹಗಲ ಬಿಸಿಲಿನಲ್ಲಿ ಕಾಣುವುದಿಲ್ಲ. ಕತ್ತಲೆಯೂ ಅವನ ಸಲಕರಣೆಗಳಲ್ಲಿ ಒಂದು. ಫ್ಲ್ಯಾಶ್ ಬಳಸಿದವನು ಕುಲುಮೆಯ ವಸ್ತುಗಳನ್ನೆಲ್ಲ ತೋರಿಸಿ ಕಮ್ಮಾರಿಕೆಯನ್ನು ಅಳಿಸಿಹಾಕಿದ. ಕತ್ತಲೆಯನ್ನು ಉಳಿಸಿಕೊಂಡವನು ಕಮ್ಮಾರನು ಕಾಣುವುದನ್ನು ನಮಗೂ ಕಾಣಿಸಿದ. ಒಂದು ಪಟ್ಟಿ, ಇನ್ನೊಂದು ದರ್ಶನ.

ಚನ್ನಗಿರಿ ಸೀಮೆಯ ಚಿತ್ರವೊಂದು ಬೇರೊಂದು ಪ್ರಶ್ನೆಯನ್ನು ಎತ್ತಿತು. ಸಾಲಾಗಿ ಕುಳಿತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಹೆಣ್ಣುಮಕ್ಕಳು. ಎಲ್ಲರೂ ಕೈ ನಿಲ್ಲಿಸಿ, ಸೆರಗು ಸರಿಪಡಿಸಿಕೊಂಡು, ಕ್ಯಾಮೆರಾದತ್ತ ನಗುತ್ತಿದ್ದಾರೆ. 'ಒಂದು ನಿಮಿಷ ನಿಲ್ಲಿಸಿ, ಇತ್ತ ನೋಡಿ' ಎಂಬ ಅಪ್ಪಣೆ ಚಿತ್ರದೊಳಗಿನಿಂದಲೇ ಕೇಳಿಸುವಂತಿದೆ. ಸುಲಿದಷ್ಟಕ್ಕೆ ಕೂಲಿ ಪಡೆಯುವವರಿಗೆ, ಅದರಲ್ಲಿಯೂ ಸುಲಿಯುವ ಯಂತ್ರಗಳು ಬಂದು ಕೆಲಸವೇ ಕಡಿಮೆಯಾಗುತ್ತಿರುವ ಕಾಲದಲ್ಲಿ, ಆ ಒಂದು ನಿಮಿಷದ ಬೆಲೆ ಏನೆಂದು ಚಿತ್ರ ತೆಗೆದವರು ಯೋಚಿಸಿದಂತಿಲ್ಲ.

ಇಲ್ಲಿ ನುಲಿಯ ಚಂದಯ್ಯನ ಪ್ರಸಂಗವನ್ನು ನೆನೆಯಬೇಕು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮದಾಸೋಹ ನಡೆಸುತ್ತಿದ್ದ ಆ ಶರಣನ ಇಷ್ಟಲಿಂಗವು ಒಮ್ಮೆ ಕೆಲಸದ ನಡುವೆ ನೀರಿಗೆ ಬಿದ್ದಿತು. ಅವನು ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗವೇ ಅವನ ಬೆನ್ನುಹತ್ತಿ ಬರಬೇಕಾಯಿತೆಂದು ಶೂನ್ಯಸಂಪಾದನೆ ವರ್ಣಿಸುತ್ತದೆ. ಕಾಯಕದಲ್ಲಿ ನಿರತನಾದವನಿಗೆ ಗುರುದರ್ಶನದ, ಲಿಂಗಪೂಜೆಯ ಹಂಗೂ ಇರಬೇಕಾಗಿಲ್ಲವೆಂಬುದು ಆಯ್ದಕ್ಕಿ ಮಾರಯ್ಯನ ನಿಲುವು. ಲಿಂಗಕ್ಕೇ ತಡೆಯಲಾಗದ ಕಾಯಕವನ್ನು ತಡೆದು ನಿಲ್ಲಿಸುವ ಅಧಿಕಾರ ನಮ್ಮ ಕ್ಯಾಮೆರಾಕ್ಕೆ ಎಲ್ಲಿಂದ ಬಂದಿತು? ಕಾಯುವುದನ್ನು ಕಲಿಯದವನು ಕಾಯಕವನ್ನು ಚಿತ್ರಿಸಲಾರ.

ಇನ್ನು ನನ್ನ ತಪ್ಪಿನ ವಿಚಾರ. ಜಗಳೂರಿನ ಕಡೆಯಿಂದ ಬಂದ ಒಂದು ಚಿತ್ರದಲ್ಲಿ ವೃದ್ಧರೊಬ್ಬರ ಮುಖವೊಂದೇ ಚೌಕಟ್ಟನ್ನು ತುಂಬಿತ್ತು. ಆಳವಾದ ಸುಕ್ಕುಗಳು, ಒದ್ದೆಯಾದ ಕಣ್ಣು, ಹಿನ್ನೆಲೆಯೆಲ್ಲ ಮಸುಕು. 'ಬದುಕಿನ ಭಾರ' ಎಂದು ಶೀರ್ಷಿಕೆ. ಕರುಣರಸವು ಉಕ್ಕಿ ಹರಿಯುತ್ತಿದೆಯೆಂದು ಭಾವಿಸಿ ನಾನು ಅದಕ್ಕೆ ಅತ್ಯಧಿಕ ಅಂಕವನ್ನಿತ್ತೆ. ಉಳಿದಿಬ್ಬರೂ ಹಾಗೆಯೇ ಮಾಡಿದರು. ಅದೇ ಸೀಮೆಯ ಇನ್ನೊಂದು ಚಿತ್ರದಲ್ಲಿ ಗುಂಡಿಮಗ್ಗದಲ್ಲಿ ಕುಳಿತು ಕಂಬಳಿ ನೇಯುವವರೊಬ್ಬರಿದ್ದರು. ಹಾಸಿನ ಎಳೆಗಳು ಅವರ ಮುಖವನ್ನು ಅರ್ಧ ಮರೆಮಾಡಿದ್ದವು. ಲಾಳಿ ಓಡುವ ಕ್ಷಣಕ್ಕೆ ಕ್ಯಾಮೆರಾದ ಕಣ್ಣನ್ನು ತುಸು ಹೆಚ್ಚು ಹೊತ್ತು ತೆರೆದಿಟ್ಟಿದ್ದರಿಂದ ಕೈಯೊಂದು ಮಸುಕಾಗಿ ಹರಿದಿತ್ತು. ಬದಿಯಲ್ಲಿ ಉಣ್ಣೆಯ ಎಳೆಗಳಿಗೆ ಬಿಗುವು ಕೊಡುವ ಹುಣಿಸೆಬೀಜದ ಗಂಜಿಯ ಪಾತ್ರೆ. ಕೆಳಗೆ ನೇಕಾರರ ಹೆಸರು, ಊರು, ಆ ಕಂಬಳಿಗೆ ಹಿಡಿಯುವ ದಿನಗಳ ಲೆಕ್ಕ. 'ಕೈ ಸ್ಪಷ್ಟವಾಗಿಲ್ಲ' ಎಂದು ನಾವು ಅದನ್ನು ಮೂರನೆಯ ಸ್ಥಾನಕ್ಕೆ ಇಳಿಸಿದೆವು.

ಬಹುಮಾನದ ದಿನ ಚಿತ್ರಗಳನ್ನು ಗೋಡೆಯ ಮೇಲೆ ತೂಗುಹಾಕಿದ್ದರು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮೊದಲ ಬಹುಮಾನದ ಚಿತ್ರದ ಮುಂದೆ ನಿಂತು, 'ಮೇಷ್ಟ್ರೇ, ಈ ಅಜ್ಜ ಏನು ಕೆಲಸ ಮಾಡ್ತಾರೆ?' ಎಂದು ಕೇಳಿದಳು. ನನಗೆ ತಿಳಿದಿರಲಿಲ್ಲ. ಚಿತ್ರವೂ ಹೇಳುತ್ತಿರಲಿಲ್ಲ. ತೆಗೆದ ತರುಣನನ್ನು ವಿಚಾರಿಸಿದರೆ, ಸಂತೆಯಲ್ಲಿ ಕುಳಿತಿದ್ದವರನ್ನು ದೂರದಿಂದಲೇ ತೆಗೆದುದಾಗಿಯೂ ಹೆಸರು ಕೇಳಲಿಲ್ಲವೆಂದೂ ಹೇಳಿದ. ಕುಶಲಕರ್ಮಿಯ ಕೌಶಲವನ್ನು ಕುರಿತ ಸ್ಪರ್ಧೆಯಲ್ಲಿ ಕೌಶಲವೂ ಇಲ್ಲದ, ಹೆಸರೂ ಇಲ್ಲದ ಒಂದು ದುಃಖಕ್ಕೆ ನಾವು ಬಹುಮಾನವನ್ನಿತ್ತಿದ್ದೆವು. ಅಂಕಪಟ್ಟಿಗೆ ನನ್ನ ಸಹಿ ಬಿದ್ದಾಗಿತ್ತು.

ಆ ಹುಡುಗಿಯ ಪ್ರಶ್ನೆಯೇ ನನ್ನನ್ನು ಮತ್ತೆ ವಚನಗಳ ಕಡೆಗೆ ಕೊಂಡೊಯ್ದಿತು. ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳ 'ಸಂಕೀರ್ಣ' ಭಾಗಗಳ ಪರಿವಿಡಿಯನ್ನು ಓದಿದರೆ ಸಾಕು: ಮೇದರ ಕೇತಯ್ಯ, ಒಕ್ಕಲಿಗ ಮುದ್ದಣ್ಣ, ತುರುಗಾಹಿ ರಾಮಣ್ಣ, ಕದಿರ ರೆಮ್ಮವ್ವೆ. ಕಸುಬು ಮತ್ತು ಹೆಸರು ಜೊತೆಜೊತೆಯಾಗಿ ನಿಂತಿವೆ. ಕಸುಬನ್ನು ಬಿಟ್ಟರೆ ವ್ಯಕ್ತಿ ನೆಲೆತಪ್ಪುತ್ತಾನೆ. ಹೆಸರನ್ನು ಬಿಟ್ಟರೆ ಅವನು ಕೇವಲ ಮಾದರಿಯಾಗುತ್ತಾನೆ. ಮಾದಾರ ಚೆನ್ನಯ್ಯನ ಅಂಕಿತದಲ್ಲಿಯೇ ಉಳಿ, ಕತ್ತಿ, ಅಡಿಗೂಟಗಳು ಸೇರಿಕೊಂಡಿವೆಯೆಂಬುದನ್ನು ಸಾಹಿತ್ಯ ವಿದ್ಯಾರ್ಥಿಗಳು ಗಮನಿಸಬೇಕು. ಸಲಕರಣೆಯು ಅಲ್ಲಿ ಅಲಂಕಾರವಲ್ಲ, ಅವನ ರುಜು.

ಹೊರಲೋಕದ ದೊಡ್ಡ ಛಾಯಾಗ್ರಾಹಕರನ್ನು ಈ ಅಳತೆಗೋಲಿನಿಂದ ನೋಡಬಹುದು. ಜರ್ಮನಿಯ ಆಗಸ್ಟ್ ಸಾಂಡರ್ 1929ರಲ್ಲಿ ಅರವತ್ತು ಭಾವಚಿತ್ರಗಳ ಗ್ರಂಥವೊಂದನ್ನು ಪ್ರಕಟಿಸಿದ. ಭುಜದ ಮೇಲೆ ಇಟ್ಟಿಗೆ ಹೊತ್ತವನು, ಪಾತ್ರೆ ಹಿಡಿದ ಮಿಠಾಯಿಗಾರ ಮೊದಲಾದವರು ಅವನ ಕ್ಯಾಮೆರಾದ ಮುಂದೆ ಅರಸರಂತೆ ನಿಂತರು. 1936ರಲ್ಲಿ ನಾಜಿಗಳು ಆ ಗ್ರಂಥದ ಅಚ್ಚುಪಡಿಗಳನ್ನು ನಾಶಪಡಿಸಿದರು. ಅಷ್ಟು ಗೌರವದಿಂದ ಕಂಡವನೂ ಬಹುಮಟ್ಟಿಗೆ ಕಸುಬನ್ನಷ್ಟೇ ಶೀರ್ಷಿಕೆಯಾಗಿ ಬರೆದ. ಅಮೆರಿಕದ ಅರ್ವಿಂಗ್ ಪೆನ್ 1950ರಿಂದ ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳ ಸಣ್ಣ ಕಸುಬುದಾರರನ್ನು ಸಲಕರಣೆಗಳ ಸಮೇತ ತನ್ನ ಸ್ಟುಡಿಯೋಗೆ ಬರಮಾಡಿಕೊಂಡು ಸರಳವಾದ ಪರದೆಯ ಮುಂದೆ ನಿಲ್ಲಿಸಿದ. ಘನತೆಯೇನೋ ದೊರೆಯಿತು, ಕೈಗಳು ಮಾತ್ರ ಕೆಲಸವಿಲ್ಲದೆ ನಿಂತವು. 1977ರಲ್ಲಿ ಪದ್ಮಶ್ರೀ ಪಡೆದ ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರು ಸಾಮಾನ್ಯರನ್ನು ಅವರವರ ಬದುಕಿನ ನಡುವೆಯೇ ಕಂಡವರು. ನಮ್ಮ ತರುಣರಿಗೆ ಅವರ ದಾರಿಯೇ ಹತ್ತಿರದ್ದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಕಸುಬಿನ ಹೆಸರುಗಳು ಇಂದು ಜಾತಿಯ ಹೆಸರುಗಳಾಗಿವೆ. ಚಿತ್ರದ ಕೆಳಗೆ ಬರಿಯ 'ಚಮ್ಮಾರ' ಎಂದು ಬರೆದರೆ ಅದು ಕಾಯಕದ ಗೌರವವಾಗದೆ ಜಾತಿಯ ಮುದ್ರೆಯಾಗುತ್ತದೆ. ಶರಣರು ಕಸುಬಿನ ಪಕ್ಕದಲ್ಲಿ ಹೆಸರನ್ನು, ಹೆಸರಿನ ಕೊನೆಗೆ 'ಅಯ್ಯ', 'ಅವ್ವೆ'ಗಳನ್ನು ಇರಿಸಿದ್ದು ಈ ಮುದ್ರೆಯನ್ನು ಒಡೆಯುವುದಕ್ಕಾಗಿಯೇ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳಿಗೆ ಗುರುತಿನ ಚೀಟಿಯ ವ್ಯವಸ್ಥೆಯಿದೆ. ಕಮ್ಮಾರ, ಚಮ್ಮಾರ, ಅಗಸ, ಬುಟ್ಟಿ ಹೆಣೆಯುವವರೆಲ್ಲ ಆ ಪಟ್ಟಿಯಲ್ಲಿದ್ದಾರೆ. ಗುರುತಿನ ಚೀಟಿಯೂ ಹೆಸರನ್ನು ಮರೆಯುವುದಿಲ್ಲ. ಕಲೆಯೆಂದು ಹೇಳಿಕೊಳ್ಳುವ ನಾವು ಕಚೇರಿಗಿಂತ ಹಿಂದೆ ಬೀಳಬಾರದು.

ಮತ್ತೊಂದು ಮಾತು. ಬಂದ ಚಿತ್ರಗಳಲ್ಲಿ ಹಲವಕ್ಕೆ ಮೊಬೈಲಿನಲ್ಲಿಯೇ ಬಣ್ಣ ಏರಿಸಲಾಗಿತ್ತು: ಕೆಂಡಕ್ಕೆ ಇಲ್ಲದ ಕೆಂಪು, ಚರ್ಮಕ್ಕೆ ಇಲ್ಲದ ಹೊಳಪು. ಮಾರಯ್ಯನು ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನು ಇದ್ದಲ್ಲಿಗೇ ಸುರಿದು ಬರಲು ಹೇಳಿದ ಕಥೆ ನಮ್ಮ ಮನೆಮನೆಗೂ ಗೊತ್ತು. ಅಗತ್ಯಕ್ಕೆ ಮೀರಿದ್ದು ಆಸೆಯೆಂಬ ಆ ತಾಯಿಯ ತೀರ್ಮಾನವು ಬಣ್ಣಕ್ಕೂ ಸಲ್ಲುತ್ತದೆ.

ಮುಂದೆ ಇಂಥ ಸ್ಪರ್ಧೆಗಳನ್ನು ನಡೆಸುವವರು ಮೂರು ನಿಯಮಗಳನ್ನಾದರೂ ಇರಿಸಿಕೊಳ್ಳಲೆಂದು ನನ್ನ ವಿನಂತಿ. ಚಿತ್ರದಲ್ಲಿರುವವರ ಒಪ್ಪಿಗೆಯನ್ನು ಪಡೆದು ಹೆಸರನ್ನೂ ಕಸುಬನ್ನೂ ಬರೆಯಬೇಕು. ತೀರ್ಪುಗಾರರ ಸಾಲಿನಲ್ಲಿ ಒಬ್ಬ ಕಮ್ಮಾರನೋ ಮೇದಾರ್ತಿಯೋ ಕುಳಿತಿರಬೇಕು. 'ಕೈ ಸ್ಪಷ್ಟವಾಗಿಲ್ಲ' ಎಂದು ನಾವು ತಳ್ಳಿದ ಚಿತ್ರವನ್ನು ನೇಕಾರರೊಬ್ಬರು ನೋಡಿದ್ದರೆ ಆ ಕೈ ಓಡುತ್ತಿದೆಯೆಂದು ಕ್ಷಣದಲ್ಲಿ ಹೇಳುತ್ತಿದ್ದರು. ಬಹುಮಾನದ ಹಣದಲ್ಲಿ ಒಂದು ಪಾಲು ಚಿತ್ರದಲ್ಲಿರುವವರಿಗೆ ಸಲ್ಲಬೇಕು. ಅವರ ದುಡಿಮೆಯಿಂದ ಬಂದದ್ದನ್ನು ನಾವಷ್ಟೇ ಉಂಡರೆ ಅದು ದಾಸೋಹವಲ್ಲ.

ಕಾಯಕವನ್ನು ಕುರಿತು ವೇದಿಕೆಗಳ ಮೇಲೆ ಬಹಳ ವರ್ಷ ಮಾತನಾಡಿದ್ದೇನೆ. ಕಾಯಕ ಮಾಡುವವರ ಕೈಯನ್ನು ನೋಡಲು ಇನ್ನೂ ಕಲಿತಿರಲಿಲ್ಲವೆಂದು ಒಬ್ಬ ಹುಡುಗಿಯ ಪ್ರಶ್ನೆಯಿಂದ ಅರಿವಾಯಿತು. ಆ ಅಜ್ಜನ ಹೆಸರು ಇಂದಿಗೂ ನನಗೆ ತಿಳಿದಿಲ್ಲ. ಕಂಬಳಿ ನೇಯುವ ಹಿರಿಯರಿಗೆ ಈ ಬರೆಹದ ಮೂಲಕ ನನ್ನ ಶರಣಾರ್ಥಿಗಳು.