ಅಳೆದೂ ತೂಗಿ

ಕಾಫಿ ಮಾಡೋಕೆ ಡಿಜಿಟಲ್ ತಕ್ಕಡಿ ಬೇಕಾ ಅಂತ ಆಫೀಸಿನ ಗೆಳೆಯರು ಕೇಳ್ತಾರೆ. ಬೇಕು. ಯಾವುದು ಅನ್ನೋದರಲ್ಲೇ ನನ್ನ ತಕರಾರು.

ನಾನು ಸೇರು, ಪಾವಿನ ಮನೆಯಲ್ಲಿ ಬೆಳೆದವನು. ನಮ್ಮ ಹಳ್ಳಿಯಲ್ಲಿ ಜೋಳ ಅಳೆದಂಗೆ ಕಾಫಿಪುಡಿಯನ್ನೂ ಅಳೆಯೋದೇ, ತೂಗೋದಲ್ಲ. ಆದರೆ ಪುಡಿ ತರಿಯಾಗಿದ್ದರೆ, ಚಿಕೋರಿ ಹೆಚ್ಚಿದ್ದರೆ ಅದೇ ಚಮಚದ ತೂಕ ಬೇರೆ. ದಾವಣಗೆರೆಯ ನನ್ನ ಬಾಡಿಗೆ ಮನೆಯಲ್ಲಿ ಒಂದೇ ಚಮಚ ಒಂದಿನ 5 ಗ್ರಾಂ ತೋರಿಸಿತು, ಇನ್ನೊಂದಿನ 7. ಡಿಕಾಕ್ಷನ್ ಒಮ್ಮೆ ನೀರು, ಒಮ್ಮೆ ಕಷಾಯ ಯಾಕಾಗ್ತಿತ್ತು ಅಂತ ಆಗ ಗೊತ್ತಾಯ್ತು.

ಅಡುಗೆಮನೆಯ ಸಾದಾ ತಕ್ಕಡಿ 1 ಗ್ರಾಂ ಲೆಕ್ಕದ್ದು. ಒಬ್ಬರ ಕಾಫಿಗೆ 10 ಗ್ರಾಂ ಪುಡಿ ಅಂದರೆ, ಅರ್ಧ ಗ್ರಾಂ ಆಚೀಚೆಯಾದರೂ ನೂರಕ್ಕೆ ಐದು ತಪ್ಪು. ನಾಲ್ಕು ಜನಕ್ಕೆ ಮಾಡಿದರೆ ಆ ತಪ್ಪು ಲೆಕ್ಕಕ್ಕೇ ಇಲ್ಲ. ಚಿನ್ನ ತೂಗೋ 0.01 ಗ್ರಾಂನ ಪುಟ್ಟ ತಕ್ಕಡಿ ಕೊಂಡವರಿದ್ದಾರೆ. ಅದರ ಮೇಲೆ ಸ್ಟೀಲ್ ಫಿಲ್ಟರ್ ಕೂರೋದೇ ಕಷ್ಟ. ಹರಿಹರದ ಲೇತ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ನಮ್ಮ ದೊಡ್ಡಪ್ಪ ಅಂತಿದ್ದರು: "ಬಾಗಿಲ ಚಿಲಕಕ್ಕೆ ಮೈಕ್ರಾನ್ ನೋಡಬ್ಯಾಡಲೇ." 1941ರಿಂದ ಲೇತ್ ಮಾಡಿದ ಊರಿನ ಮಾತು ಅದು. ಹರಿಯೋ ಕಂಪನಿಯ ವಿ60 ತಕ್ಕಡಿಗೆ ಈ ಬುದ್ಧಿ ಇದೆ: 200 ಗ್ರಾಂವರೆಗೆ 0.1, 500ರವರೆಗೆ 0.5, ಆಮೇಲೆ 1 ಗ್ರಾಂ. ಪುಡಿಗೆ ಸೂಕ್ಷ್ಮ, ನೀರಿಗೆ ಸಾಕಷ್ಟು. ಅಕಾಯಾ ಪರ್ಲ್ ಬ್ಲೂಟೂತ್‌ನಲ್ಲಿ ಫೋನಿಗೆ ಮಾತಾಡುತ್ತೆ. ಬೆಲೆ ಸಾದಾ ತಕ್ಕಡಿಯ ಹತ್ತು ಪಟ್ಟಿಗೂ ಮೀರಿ. ನಮ್ಮ ಫಿಲ್ಟರಿನ ಡಿಕಾಕ್ಷನ್ ತನ್ನ ಪಾಡಿಗೆ ಕಾಲು ಗಂಟೆ ತೊಟ್ಟಿಕ್ಕುವಾಗ ಆ ಟೈಮರ್ ನೋಡೋರು ಯಾರು?

ಇಷ್ಟೆಲ್ಲ ಲೆಕ್ಕ ಹಾಕಿ 0.1 ಗ್ರಾಂನದೊಂದು ಕೊಂಡು ಹರಿಹರಕ್ಕೆ ಒಯ್ದೆ. ಅವ್ವನಿಗೆ ಈಗ ಬೆರಳು ಮರಗಟ್ತಾವೆ. ಚಮಚ ತುಂಬಿತೋ ಇಲ್ಲವೋ ತಿಳಿಯಲ್ಲ. ನಮ್ಮ ಕಡೆ ಚಹಾನೇ ಜಾಸ್ತಿ, ಆದರೆ ನೆಂಟರು ಬಂದರೆ ಅವಳು ಕಾಫಿನೇ ಕೊಡೋದು. ಅವತ್ತು ಪಡಸಾಲೆಯಲ್ಲಿ ಐದು ಜನ, ಮಂಡಕ್ಕಿ ಮಿರ್ಚಿ ನಡೆದಿತ್ತು. ನಾನು ಒಳಗೆ ಗುಂಡಿ ಒತ್ತಿದೆ. ಪೀಂ. ಸೊನ್ನೆ ಮಾಡಿದೆ. ಮತ್ತೆ ಪೀಂ. ಪಡಸಾಲೆಯ ಮಾತು ನಿಂತಿತು. ಅವ್ವ ತಗ್ಗಿದ ದನಿಯಲ್ಲಿ, "ಅಳೆದು ತೂಗಿ ಕಾಫಿ ಕೊಡ್ತಾರೆ ಅನ್ನಲ್ಲೇನೋ ಬಂದೋರು?" ಅಂದಳು.

ಅಳತೆ ರುಚಿಗೆ ಅಂತ ವಾದ ಮಾಡಿದೆ. ಆಮೇಲೆ ಅನ್ನಿಸಿತು, ತಪ್ಪು ತಕ್ಕಡಿಯದೇ. ನಾನು ಓದಿದ ಒಂದು ವಿಮರ್ಶೆಯೂ ಆ ಸದ್ದಿನ ಬಗ್ಗೆ ಬರೆದಿರಲಿಲ್ಲ.

ಎರಡನೆಯದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಿದೆ. 10 ರೂಪಾಯಿಯ ಹಳೇ ನಾಣ್ಯ 7.71 ಗ್ರಾಂ, ತಕ್ಕಡಿ 7.7 ತೋರಿಸಬೇಕು. ಆಮೇಲೆ ಚಿಟಿಕೆ ಚಿಟಿಕೆಯಾಗಿ ಸಕ್ಕರೆ ಉದುರಿಸಿ. ಕೆಲವು ತಕ್ಕಡಿ ಅದನ್ನು ಗಮನಿಸದೆ ಸೊನ್ನೆಯಲ್ಲೇ ಕೂತಿರುತ್ತವೆ, ಅವು ಬೇಡ. ಎರಡು ನಿಮಿಷಕ್ಕೇ ತಾನಾಗಿ ಆರಿಹೋಗೋದೂ ಬೇಡ. ಅಂಕಿ ದಪ್ಪಗಿರಲಿ. ಸದ್ದು ನಿಲ್ಲಿಸೋಕೆ ಬರುತ್ತಾ ಅಂತ ಕೇಳಿದ್ದಕ್ಕೆ ಅಂಗಡಿಯವರು ನನ್ನ ಮುಖ ನೋಡಿದರು.

ಅದನ್ನು ಅವ್ವ ರಾಗಿಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. ಬಳಸ್ತಾಳೋ ಇಲ್ಲವೋ, ನಾನೂ ಕೇಳಲಿಲ್ಲ. ಮೊನ್ನೆ ಫೋನು ಬಂತು: "ಬರೋವಾಗ ಸಣ್ಣ ಸೆಲ್ ಎರಡು ತಗಂಬಾ, ಮುಗಿದಾವೆ."