ಕೊಲೆಯ ಕಥೆ, ಕೆರೆಯ ಕಥೆ

ಪತ್ತೇದಾರಿ ಕಾದಂಬರಿ ಎಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದು ಹಳೆಯ ವಾಡಿಕೆ. ಆದರೂ ನಮ್ಮ ಚಿಕ್ಕಮಗಳೂರಿನಲ್ಲೇ 1925ರಲ್ಲಿ ಜನಿಸಿದ ಎನ್. ನರಸಿಂಹಯ್ಯನವರು ಇಂತಹ 500ಕ್ಕೂ ಮಿಕ್ಕ ಕಾದಂಬರಿಗಳನ್ನು ರಚಿಸಿ, ಅಲ್ಪಸ್ವಲ್ಪ ಅಕ್ಷರ ಬಲ್ಲವರನ್ನೂ ಓದಿನ ರುಚಿಗೆ ಹಚ್ಚಿದರೆಂಬುದನ್ನು ಪಂಚನಹಳ್ಳಿಯ ವಾಚಕರು ಮರೆಯಲಾಗದು. ಕುತೂಹಲವನ್ನು ತಣಿಸುವುದಕ್ಕಿಂತ ಹಿರಿದಾದ ಹೊಣೆಯನ್ನು ಈ ಪ್ರಕಾರ ಹೊರಬಲ್ಲದೇ ಎಂಬುದು ಇಲ್ಲಿ ವಿಚಾರಾರ್ಹ.

ಈ ಪ್ರಶ್ನೆಯನ್ನು ಎತ್ತಲು ಕಾರಣ, ಬೆಂಗಳೂರಿನ ಪರಿಸರವಿಜ್ಞಾನಿ ಹರಿಣಿ ನಾಗೇಂದ್ರ ಅವರ ಎರಡು ಇಂಗ್ಲಿಷ್ ಕೃತಿಗಳು. 2022ರಲ್ಲಿ ಪ್ರಕಟವಾದ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ 1921ರ ಬೆಂಗಳೂರಿನಲ್ಲಿ ನಡೆಯುವ ಕಾದಂಬರಿ. ಗಣಿತಪ್ರಿಯೆಯಾದ ಕಾವೇರಿ ಅದರ ನಾಯಕಿ. ಆಕೆಯ ಪತಿ ರಾಮು ವೈದ್ಯ. ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಕೊಲೆಯೊಂದು ನಡೆಯುತ್ತದೆ. ಸಂಶಯವು ದಿಕ್ಕಿಲ್ಲದ ಹೆಣ್ಣೊಬ್ಬಳ ಮೇಲೆ ಬೀಳಲು, ಅವಳನ್ನು ಪಾರುಮಾಡುವ ಸಲುವಾಗಿ ಕಾವೇರಿ ಶೋಧನೆಗೆ ತೊಡಗುತ್ತಾಳೆ. ಸಮಾಜವು ಯಾರನ್ನು ಮೊದಲು ದೂಷಿಸುತ್ತದೆ ಎಂಬುದನ್ನು ತೋರಿರುವುದು ಈ ಕೃತಿಯ ಹಿರಿಮೆ.

ಇನ್ನೊಂದು, 2016ರ ‘ನೇಚರ್ ಇನ್ ದ ಸಿಟಿ’. ಇದು ವ್ಯಕ್ತಿಯ ಚರಿತ್ರೆಯಲ್ಲ, ಬೆಂಗಳೂರೆಂಬ ನಗರದ ಜೀವನಚರಿತ್ರೆ. ಮರಗಳು, ಕೆರೆಗಳು ಇದರ ಪಾತ್ರಗಳು. ಸಂಪಂಗಿ ಕೆರೆಯ ಅಳಿವನ್ನು ಕುರಿತೂ ಇದೇ ಲೇಖಕಿ ಸಂಗಡಿಗರೊಡನೆ ಸಂಶೋಧನೆ ನಡೆಸಿದ್ದಾರೆ. 1896ರ ವೇಳೆಗೆ ಹೆಸರಘಟ್ಟದಿಂದ ಕೊಳವೆಯ ನೀರು ಬಂದಿತು. ಊರೊಳಗಿನ ಕೆರೆಯ ಅಗತ್ಯ ಕುಗ್ಗಿತು. ತೋಟಗಾರರಿಗೆ ನೀರು ಬೇಕಿತ್ತು, ಪೋಲೋ ಆಡುವವರಿಗೆ ಒಣನೆಲ ಬೇಕಿತ್ತು. ಕಡೆಗೆ ಆ ನೆಲದ ಮೇಲೆ ಕಂಠೀರವ ಕ್ರೀಡಾಂಗಣ ಎದ್ದಿತು; ಕರಗಕ್ಕೆಂದು ಒಂದು ಪುಟ್ಟ ಕೊಳ ಮಾತ್ರ ಉಳಿಯಿತು.

ವಾಚಕರೇ, ಇವೆರಡನ್ನೂ ಜೊತೆಗಿರಿಸಿ ಯೋಚಿಸಿರಿ. ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕೊಡನೆ ಮನಸ್ಸು ನಿರಾಳವಾಗುತ್ತದೆ. ಕೆರೆಯ ಸಾವಿಗಾದರೋ ಒಬ್ಬ ಅಪರಾಧಿಯಿಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ಸಕಾರಣವಿತ್ತು. ನಗರವನ್ನು ಇಷ್ಟು ಆಳವಾಗಿ ಬಲ್ಲ ಲೇಖಕಿ, ಕಾದಂಬರಿಯಲ್ಲಿ ಈ ಕಠಿಣ ಸತ್ಯವನ್ನು ಪೂರ್ಣವಾಗಿ ಎದುರಿಸಿಲ್ಲವೆಂದೇ ನಮ್ಮ ಆಕ್ಷೇಪ. ಅಲ್ಲಿ ಹಳೆಯ ಬೆಂಗಳೂರು ಚೆಲುವಾದ ಹಿನ್ನೆಲೆಯಾಗಿ ನಿಲ್ಲುತ್ತದೆಯೇ ಹೊರತು ಗಾಯಗೊಂಡ ಜೀವವಾಗಿ ಮಿಡಿಯುವುದು ವಿರಳ. ಕನ್ನಡದ ಮನೆಮಾತು ಇಂಗ್ಲಿಷಿನಲ್ಲಿ ತನ್ನ ಸೊಗಡನ್ನು ಕೊಂಚ ಕಳೆದುಕೊಂಡಿರುವುದೂ ನಿಜ. ಆದಾಗ್ಯೂ ಕಾದಂಬರಿಯ ಬೆಳಕಿನಲ್ಲಿ ಚರಿತ್ರೆಯನ್ನೂ, ಚರಿತ್ರೆಯ ಬೆಳಕಿನಲ್ಲಿ ಕಾದಂಬರಿಯನ್ನೂ ಓದಿದವರಿಗೆ ದೊರಕುವ ಲಾಭ ಅಲ್ಪವಲ್ಲ.

ಕಡೂರು ಸೀಮೆಯ ಬಯಲಿನಲ್ಲಿ ಬಾಳುವ ನಮಗೆ ಕೆರೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೆರೆಯಂಗಳ ಕಿರಿದಾದಾಗ, ತೂಬು ಹೂತುಹೋದಾಗ, ‘ಮಾಡಿದವರಾರು?’ ಎಂದು ಕೇಳುವವರು ಎಷ್ಟು ಮಂದಿ? ಪತ್ತೇದಾರನ ಆ ಪ್ರಶ್ನೆಯನ್ನು ಪುಸ್ತಕ ಮುಚ್ಚಿದ ಮೇಲೂ ಕೈಬಿಡದಿರುವುದೇ ಇಂತಹ ಓದಿನ ಸಾರ್ಥಕ್ಯ. ಉತ್ತರ ಹುಡುಕುತ್ತ ಹೋದಾಗ ಎದುರಿಗೆ ನಿಲ್ಲುವ ಮುಖಗಳಲ್ಲಿ ನಮ್ಮದೂ ಒಂದಾಗಿದ್ದರೆ ಅಚ್ಚರಿಪಡಬೇಕಾಗಿಲ್ಲ.