ಟ್ಯಾಂಕರಿನ ಸೆಲ್ಫ್ ಮತ್ತು ಮಾಸ್ಟರ್ ಸ್ವಿಚ್

ವಡೋದರಾ ಸಮೀಪದ ಕೊಯಾಲಿಯಲ್ಲಿ ಸೋವಿಯತ್ ನೆರವಿನಿಂದ ತಲೆಯೆತ್ತಿ 1965ರಲ್ಲಿ ಉತ್ಪಾದನೆ ಆರಂಭಿಸಿದ ಇಂಡಿಯನ್ ಆಯಿಲ್‌ನ ಗುಜರಾತ್ ತೈಲ ಸಂಸ್ಕರಣಾಗಾರದಂಥ ನೆಲೆಗಳಿಂದ ಪೆಟ್ರೋಲು ಸಾಗಿಸುವ ಟ್ಯಾಂಕರುಗಳಿಗೆ ಮಾಸ್ಟರ್ ಸ್ವಿಚ್, ಅಂದರೆ ಬ್ಯಾಟರಿಯ ಸಂಪರ್ಕವನ್ನೇ ಕಡಿದುಹಾಕುವ ದಪ್ಪ ಸ್ವಿಚ್, ಕಡ್ಡಾಯ. ಆವಿ ಸುಳಿದಾಡುವಲ್ಲಿ ಕಿಡಿ ಹಾರಬಾರದೆಂದು ಸರಕು ತುಂಬುವಾಗಲೂ ಇಳಿಸುವಾಗಲೂ ಅದನ್ನು ಆಫ್ ಮಾಡುತ್ತಾರೆ. ಹೀಗೆ ವರ್ಷಗಟ್ಟಲೆ ದುಡಿದ ಸ್ವಿಚ್ಚಿನ ಒಳಮುಖಗಳು ಸವೆದು ಕಪ್ಪಿಟ್ಟಾಗ ವಾಹನ ಸ್ಟಾರ್ಟ್ ಆಗದೆ ನಿಲ್ಲುತ್ತದೆ; ದೋಷವನ್ನು ಮಾತ್ರ ಬಹುಪಾಲು ಬ್ಯಾಟರಿಯ ಮೇಲೆ ಹೊರಿಸಲಾಗುತ್ತದೆ.

ಸೆಲ್ಫ್ ಹೊಡೆದಾಗ, ಎಂದರೆ ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ತಿರುಗಿಸತೊಡಗಿದಾಗ, ನೂರಾರು ಆಂಪಿಯರ್ ವಿದ್ಯುತ್ ಹರಿಯುತ್ತದೆ. ಆ ಹಾದಿಯಲ್ಲಿ ಓಮಿನ ನೂರನೇ ಒಂದು ಭಾಗದಷ್ಟು ರೋಧ ಸೇರಿಕೊಂಡರೂ 300 ಆಂಪಿಯರಿನಲ್ಲಿ 3 ವೋಲ್ಟ್ ಅಲ್ಲೇ ಶಾಖವಾಗಿ ಹೋಗುತ್ತದೆ. ಇಷ್ಟು ಸಣ್ಣ ರೋಧ ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆಗೆ ಸಿಕ್ಕುವುದಿಲ್ಲ, ದೀಪಗಳಿಗೆ ಬೇಕಾದ ಅಲ್ಪ ವಿದ್ಯುತ್ತಿಗೆ ಅದು ಅಡ್ಡಿಯನ್ನೂ ಮಾಡುವುದಿಲ್ಲ. ಆದ್ದರಿಂದಲೇ ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆಯೆಂಬುದು ಪರೀಕ್ಷೆಯೇ ಅಲ್ಲ. ವಿದ್ಯುತ್ ಹರಿಯುತ್ತಿರುವಾಗಲೇ ಅಳೆಯಬೇಕು.

12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ 24 ವೋಲ್ಟಿನ ವ್ಯವಸ್ಥೆಯಲ್ಲಿ, ಪೂರ್ಣ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಜೋಡಿ ಸುಮಾರು 25.2 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 19ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನೋ ಅತಿಯಾಗಿ ವಿದ್ಯುತ್ ಎಳೆಯುತ್ತಿರುವ ಸ್ಟಾರ್ಟರನ್ನೋ ಶಂಕಿಸಬೇಕು. ಕುಸಿಯದೆಯೂ ಎಂಜಿನ್ ತಿಣುಕಿದರೆ, ಅಥವಾ ಸಾಲಿನಾಯ್ಡ್ ಎಂಬ ಕಾಂತೀಯ ಸ್ವಿಚ್ ಟಕ್ಕೆಂದು ಸುಮ್ಮನಾದರೆ, ಮೀಟರಿನ ಎರಡು ಕಡ್ಡಿಗಳನ್ನು ಮಾಸ್ಟರ್ ಸ್ವಿಚ್ಚಿನ ಎರಡು ಬೋಲ್ಟುಗಳಿಗೆ ಇಟ್ಟು ಮತ್ತೆ ಸೆಲ್ಫ್ ಹೊಡೆಸಬೇಕು. ಸೊನ್ನೆಯ ಆಸುಪಾಸಿನಲ್ಲಿ ನಿಲ್ಲಬೇಕಾದ ಅಂಕಿ 2 ವೋಲ್ಟಿಗೆ ಜಿಗಿದರೆ ಕಳ್ಳ ಸಿಕ್ಕಂತೆ. ಅದೇ ಪರೀಕ್ಷೆಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ನಿನ ಮೈಗೂ ನಡುವೆ ಮಾಡಬೇಕು. ಎಂಜಿನ್ ರಬ್ಬರಿನ ಮೇಲೆ ಕೂತಿರುವುದರಿಂದ ಹೆಣೆದ ತಾಮ್ರದ ಅರ್ಥಿಂಗ್ ಪಟ್ಟಿಯೇ ಮರುದಾರಿ, ಅದರ ಬೋಲ್ಟಿನಡಿ ತುಕ್ಕು ಅಥವಾ ಬಣ್ಣ ಸೇರಿರುವುದು ತೀರ ಸಾಮಾನ್ಯ. ಇವೆಲ್ಲ ನಡೆಯಬೇಕಾದದ್ದು, ಕೆಟ್ಟ ಟ್ಯಾಂಕರನ್ನು ಆವಿಯ ವಲಯದಿಂದ ಎಳೆದು ಹೊರತಂದ ಮೇಲೆ ಮಾತ್ರ.

ಬ್ಯಾಟರಿ ನಿಜಕ್ಕೂ ಸಾಯುವುದೂ ಉಂಟು. 40 ಡಿಗ್ರಿ ದಾಟುವ ವಡೋದರಾದ ಬೇಸಿಗೆಯಲ್ಲಿ ಒಳಗಿನ ನೀರು ಬೇಗ ಆರಿ, ಸೀಸದ ಫಲಕಗಳ ಜಾಲರಿ ಬೇಗ ಸವೆಯುತ್ತದೆ. ಆಗ ಎರಡನ್ನೂ ಬೇರೆಬೇರೆಯಾಗಿ ಅಳೆದು, ಒಂದೇ ಕೆಟ್ಟಿದ್ದರೂ ಜೋಡಿಯನ್ನು ಒಟ್ಟಿಗೆ ಬದಲಿಸುವುದು ಲೇಸು, ಏಕೆಂದರೆ ಸರಣಿಯಲ್ಲಿ ಹೊಸತೂ ಹಳತೂ ಸಮವಾಗಿ ಚಾರ್ಜ್ ಆಗುವುದಿಲ್ಲ.